ಲಾಗ್ ಔಟ್ ಆದ ಮೇಲೂ ಆಫೀಸು ತಲೆಯಲ್ಲೇ ಇದೆಯಾ?

ಊಟಕ್ಕೆ ಕೂತಿದ್ದೀರಿ. ಕೈ ಅನ್ನ ಕಲಸುತ್ತಿದೆ, ತಲೆ ಮಾತ್ರ ಮ್ಯಾನೇಜರ್ ಮೇಲ್‌ಗೆ ಉತ್ತರ ಹುಡುಕುತ್ತಿದೆ. ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ಜಾಸ್ತಿ ನೆನಪಿರುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಬ್ಲೂಮಾ ಝೈಗಾರ್ನಿಕ್ 1927ರಲ್ಲೇ ಬರೆದಿದ್ದರು.

ಹಾಗಾಗಿ ಧ್ಯಾನಕ್ಕೆಂದು ಕಣ್ಣು ಮುಚ್ಚಿ ಕೂರುವ ಮೊದಲು ಪೆನ್ನು ಹಿಡಿಯಿರಿ. ಕೆಲಸ ನಿಲ್ಲಿಸಲು ಹತ್ತು ನಿಮಿಷ ಇರುವಾಗ ಬಾಕಿ ಇರುವುದನ್ನೆಲ್ಲ ಒಂದು ಚೀಟಿಯಲ್ಲಿ ಬರೆಯಿರಿ. ಸುಮ್ನೆ ‘ರಿಪೋರ್ಟ್’ ಅಂತ ಗೀಚಿದರೆ ಸಾಲದು. ‘ಬೆಳಿಗ್ಗೆ 10ಕ್ಕೆ ಅಕೌಂಟ್ಸ್‌ನವರ ಹತ್ತಿರ ಮಾರ್ಚ್ ಲೆಕ್ಕ ಕೇಳುವುದು’ ಅಂತ ಬರೆಯಿರಿ. ಮನಶ್ಶಾಸ್ತ್ರಜ್ಞರಾದ ಮಾಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡದ್ದೂ ಇದೇ. ಕೆಲಸ ಮುಗಿಯದಿದ್ದರೂ ಖಚಿತವಾದ ಪ್ಲ್ಯಾನ್ ಇದ್ದರೆ ಮನಸ್ಸು ಅದನ್ನೇ ಕೆದಕುವುದು ಕಡಿಮೆಯಾಗುತ್ತದೆ.

ಈಗ ಲ್ಯಾಪ್‌ಟಾಪ್ ಮುಚ್ಚಿ. ಅದೇ ಕುರ್ಚಿಯಲ್ಲಿ ಮೂರು ನಿಮಿಷ ಕೂರಿ. ಪಾದ ನೆಲಕ್ಕೆ ತಾಗಿರಲಿ. ದವಡೆ ಬಿಗಿದಿದೆಯಾ, ಭುಜ ಕಿವಿಯ ಹತ್ತಿರ ಏರಿದೆಯಾ ನೋಡಿ, ಸಡಿಲ ಬಿಡಿ. ಮೂಗಿನಲ್ಲಿ ಉಸಿರು ಓಡಾಡುವುದನ್ನು ಗಮನಿಸಿ. ಮೀಟಿಂಗ್ ನೆನಪಾಗುತ್ತದೆ, ಆಗಲಿ. ‘ಆಫೀಸಿನ ಯೋಚನೆ’ ಅಂದುಕೊಂಡು ಮತ್ತೆ ಉಸಿರಿಗೆ ಬನ್ನಿ. ಹತ್ತು ಸಲ ಮನಸ್ಸು ಓಡಿಹೋದರೆ ಹತ್ತು ಸಲ ಎಳೆದು ತನ್ನಿ. ಅಭ್ಯಾಸ ಅಂದರೆ ಅದೇ. ಎರಡೇ ದಿನಕ್ಕೆ ‘ನನಗೆ ಆಗಲ್ಲ’ ಅಂತ ಬಿಟ್ಟುಬಿಡುವವರಿದ್ದಾರೆ. ಧ್ಯಾನ ಶಿಕ್ಷಕ ಜಾನ್ ಕಬಾಟ್-ಝಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶುರು ಮಾಡಿದ ಮೈಂಡ್‌ಫುಲ್‌ನೆಸ್ (ಈ ಕ್ಷಣವನ್ನು ಗಮನಿಸುವ ಅಭ್ಯಾಸ) ತರಬೇತಿಯೇ 8 ವಾರದ್ದು!

ಮನೆಗೆ ಹೋಗುವ ದಾರಿಯನ್ನೂ ಬಳಸಿಕೊಳ್ಳಿ. ವೈಟ್‌ಫೀಲ್ಡ್‌ನಲ್ಲಿ ಮೆಟ್ರೊ ಹತ್ತಿ ಕೆಂಗೇರಿ ಕಡೆ ಹೋಗುವವರಿಗೆ ಸಮಯಕ್ಕೇನೂ ಬರವಿಲ್ಲ. ಮೊದಲ ಎರಡು ಸ್ಟೇಷನ್ ದಾಟುವವರೆಗೆ ಫೋನ್ ಬ್ಯಾಗಿನಲ್ಲೇ ಇರಲಿ. ಬಾಗಿಲು ಮುಚ್ಚುವ ಸದ್ದು, ಕೈಗೆ ತಾಗುವ ಕಂಬದ ತಂಪು, ಇಷ್ಟನ್ನೇ ಗಮನಿಸಿ. ಬೈಕ್‌ನವರು ರಸ್ತೆ ನೋಡಿಕೊಂಡು ಹೋದರೆ ಸಾಕು, ಧ್ಯಾನ ಬೇಡ.

ವರ್ಕ್ ಫ್ರಮ್ ಹೋಮ್‌ನವರಿಗೆ ಈ ದಾರಿಯೇ ಇಲ್ಲ, ಅಲ್ವಾ? ಮುಖ ತೊಳೆದು, ಬಟ್ಟೆ ಬದಲಿಸಿ, ಬೀದಿ ತುದಿಯ ಅಂಗಡಿವರೆಗೆ ನಡೆದು ಬನ್ನಿ. ಫೋನ್ ಮನೆಯಲ್ಲೇ ಇರಲಿ.

ಇಷ್ಟೆಲ್ಲ ಮಾಡಿದರೂ ರಾತ್ರಿ ಹತ್ತಕ್ಕೆ ಆಫೀಸಿನ ಗ್ರೂಪ್ ಗುಂಯ್‌ಗುಡುತ್ತಿದ್ದರೆ ತಪ್ಪು ನಿಮ್ಮ ಉಸಿರಾಟದ್ದಲ್ಲ. ಗ್ರೂಪ್ ಮ್ಯೂಟ್ ಮಾಡಿ. ಮ್ಯಾನೇಜರ್‌ಗೆ ಹಗಲಿನಲ್ಲೇ, ನಗುನಗುತ್ತಾ ಹೇಳಿಬಿಡಿ: ‘ಅರ್ಜೆಂಟ್ ಇದ್ದರೆ ಕಾಲ್ ಮಾಡಿ. ಮೆಸೇಜ್ ಬೆಳಿಗ್ಗೆ ನೋಡುತ್ತೇನೆ.’