ಅಲೋಸಾರಸ್ ಬುರುಡೆಯ ಮಾದರಿಯನ್ನು ನಾನು ಕಟ್ಟಿದ ಬಗೆ

ಜುರಾಸಿಕ್ ಯುಗದ ಕೊನೆಯ ಭಾಗದಲ್ಲಿ ಬಾಳಿದ ಅಲೋಸಾರಸ್ ಎಂಬ ಮಾಂಸಾಹಾರಿ ಡೈನೋಸಾರ್‌ನ (ಅಲೋಸಾರಿಡೆ ಕುಟುಂಬ) ತಲೆಬುರುಡೆಯನ್ನು ಅರ್ಧ ಗಾತ್ರದಲ್ಲಿ ಮಾಡಲು ಹೊರಟಾಗ, ಯಾವ ಪ್ರಭೇದ ಎಂಬುದನ್ನು ನಾನು ಎಲ್ಲಕ್ಕಿಂತ ಮೊದಲು ನಿರ್ಧರಿಸಿಕೊಂಡೆ. 1877ರಲ್ಲಿ ಅಮೆರಿಕದ ಪಳೆಯುಳಿಕೆ ತಜ್ಞ ಮಾರ್ಷ್ ಹೆಸರಿಸಿದ ಅಲೋಸಾರಸ್ ಫ್ರಾಜಿಲಿಸ್‌ನ ಕೆನ್ನೆಮೂಳೆಯ ಕೆಳಅಂಚು ಬಾಗಿದೆ. 2020ರಲ್ಲಿ ಹೆಸರು ಪಡೆದ ಅಲೋಸಾರಸ್ ಜಿಮ್‌ಮ್ಯಾಡ್ಸೆನಿಯಲ್ಲಿ ಅದು ನೆಟ್ಟಗಿದೆ. 1991ರಲ್ಲಿ ವಯೋಮಿಂಗ್‌ನಲ್ಲಿ ಸಿಕ್ಕ, ಬಹುಪಾಲು ಮೂಳೆಗಳು ಉಳಿದಿರುವ ‘ಬಿಗ್ ಆಲ್’ ಎಂಬ ಅಸ್ಥಿಪಂಜರ ಈಗ ಈ ಎರಡನೆಯ ಪ್ರಭೇದಕ್ಕೇ ಸೇರಿರುವುದರಿಂದ ನಾನು ಅದನ್ನೇ ಆರಿಸಿಕೊಂಡೆ.

ಈ ಬುರುಡೆಯಲ್ಲಿ ಮೂಳೆಗಿಂತ ಕಿಂಡಿಯೇ ಹೆಚ್ಚು. ಮೂಗಿನ ಹೊಳ್ಳೆ, ಕಣ್ಣಿನ ಮುಂದಿನ ದೊಡ್ಡ ತೆರವು, ಕಣ್ಣಿನ ಗೂಡು, ಅದರ ಹಿಂದಿನ ತೆರವು ಇವೆಲ್ಲವೂ ಸಾಲಾಗಿದ್ದು, ನಡುವೆ ಉಳಿಯುವುದು ಕಂಬದಂತಹ ಪಟ್ಟಿಗಳು ಮಾತ್ರ. ಆದ್ದರಿಂದ ಮಣ್ಣಿನ ಮುದ್ದೆಯನ್ನು ಕೆತ್ತುವ ಕ್ರಮವನ್ನು ಬಿಟ್ಟು, ಕಬ್ಬಿಣದ ತಂತಿಯಲ್ಲಿ ಪಟ್ಟಿಗಳ ಜಾಡನ್ನು ಮೊದಲು ಕಟ್ಟಿದೆ. ಜೇಡಿಮಣ್ಣು ಒಣಗುವಾಗ ಕುಗ್ಗುತ್ತದೆ, ಒಳಗಿನ ತಂತಿ ಕುಗ್ಗುವುದಿಲ್ಲ, ಹಾಗಾಗಿ ಸಣ್ಣ ಪಟ್ಟಿಗಳು ಬಿರಿಯುವುದು ಖಂಡಿತ. ಅಲ್ಲಿಗೆಲ್ಲ, ಎರಡು ಭಾಗಗಳನ್ನು ಬೆರೆಸಿದಾಗ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿಯನ್ನೇ ಬಳಸಿದೆ. ಎರಡು ಬಣ್ಣದ ಉಂಡೆಗಳನ್ನು ಗೆರೆ ಕಾಣದಷ್ಟು ನಾದಿ, ಒದ್ದೆ ಬೆರಳಿನಿಂದ ಒತ್ತಿದರೆ ಅಂಚು ನಯವಾಗಿ ಕೂರುತ್ತದೆ.

ಇಷ್ಟು ಟೊಳ್ಳಾದ ತಲೆ ಬಲಹೀನವಾಗಿತ್ತೆಂದು ಭಾವಿಸಬಾರದು. ಪಳೆಯುಳಿಕೆ ಸಂಶೋಧಕಿ ಎಮಿಲಿ ರೇಫೀಲ್ಡ್ ಮತ್ತು ಸಂಗಡಿಗರು 2001ರಲ್ಲಿ ಸಿ.ಟಿ. ಸ್ಕ್ಯಾನ್ ಆಧರಿಸಿ ಲೆಕ್ಕ ಹಾಕಿದಾಗ, ಕಚ್ಚುವ ಸ್ನಾಯುಗಳ ಬಲ ಸಾಧಾರಣವಾಗಿದ್ದರೂ ಬುರುಡೆ ಅದಕ್ಕಿಂತ ಎಷ್ಟೋ ಹೆಚ್ಚಿನ ಒತ್ತಡವನ್ನು ತಾಳಬಲ್ಲದೆಂದು ಕಂಡುಬಂದಿತು. ಇದನ್ನು ತಿಳಿದ ಮೇಲೆ, ಚಂದಕ್ಕಾಗಿ ಪಟ್ಟಿಗಳನ್ನು ದಪ್ಪ ಮಾಡುವ ಆಸೆಯನ್ನು ನಾನು ಕೈಬಿಟ್ಟೆ. ಕಣ್ಣಿನ ಮುಂದಿನ ಕೊಂಬಿನಿಂದ ಮೂಗಿನವರೆಗೆ ಸಾಗುವ ತಗ್ಗಾದ ಏಣನ್ನೂ ಎದ್ದು ಕಾಣುವಂತೆ ಉಬ್ಬಿಸಲಿಲ್ಲ.

ಹಲ್ಲುಗಳನ್ನು ಕೊನೆಗೆ ಇಟ್ಟುಕೊಂಡೆ, ಏಕೆಂದರೆ ನೋಡುವವರ ಕಣ್ಣು, ಮಾಡುವವನ ಕಣ್ಣು ಕೂಡ, ಅಲ್ಲಿಯೇ ಸಿಕ್ಕಿಬೀಳುತ್ತದೆ. ಮೂತಿಯ ತುದಿಯ ಮೂಳೆಯಲ್ಲಿ ಪ್ರತಿ ಬದಿಗೆ ಐದು ಹಲ್ಲುಗಳಿವೆ. ಹಿಂದೆ ಹೋದಂತೆ ಹಲ್ಲು ಗಿಡ್ಡವಾಗುತ್ತ, ಹೆಚ್ಚು ಬಾಗುತ್ತ ಹೋಗುತ್ತದೆ. ಜೀವಮಾನವಿಡೀ ಹಳೆಯವು ಉದುರಿ ಹೊಸವು ಬರುತ್ತಿದ್ದುದರಿಂದ ಎಲ್ಲವನ್ನೂ ಒಂದೇ ಎತ್ತರಕ್ಕೆ ಜೋಡಿಸುವುದು ಸರಿಯಲ್ಲ. ಕೆಲವನ್ನು ಆಗಷ್ಟೇ ಒಸಡಿನಿಂದ ಇಣುಕುವಷ್ಟು ಮಾತ್ರ ಬಿಟ್ಟೆ. ಎರಡೂ ಅಂಚುಗಳ ಗರಗಸದ ಕಚ್ಚುಗಳನ್ನು ಪುಟ್ಟಿ ಪೂರ್ತಿ ಗಟ್ಟಿಯಾಗುವ ಮುನ್ನ ಬ್ಲೇಡಿನ ತುದಿಯಿಂದ ಒತ್ತಿದೆ.