ಹೊಸ ಆಪರೇಟಿಂಗ್ ಸಿಸ್ಟಮ್ ಬಂದಿದೆ, ಹಾಕಿಕೊಳ್ಳಬೇಕಾ?

ಒಂದು ದಿನ ಕಂಪ್ಯೂಟರ್ ಆನ್ ಮಾಡಿದರೆ ಪರದೆ ತುಂಬ ಸಂದೇಶ. ಹೊಸ ಆವೃತ್ತಿ ಸಿದ್ಧವಾಗಿದೆ, ಈಗಲೇ ಹಾಕಿಕೊಳ್ಳಿ ಅಂತ. ಕೆಲವರು ಹಿಂದೆಮುಂದೆ ನೋಡದೆ ಒತ್ತಿಬಿಡುತ್ತಾರೆ. ಇನ್ನು ಕೆಲವರು 'ಆಮೇಲೆ' ಅಂತ ಒತ್ತುತ್ತಾ ಒತ್ತುತ್ತಾ ವರ್ಷಗಳನ್ನೇ ಕಳೆಯುತ್ತಾರೆ. ಎರಡೂ ಥರದವರ ಲ್ಯಾಪ್‌ಟಾಪ್ ಮುಂದೆ ಕೂತು ರಾತ್ರಿಯೆಲ್ಲ ಫೈಲ್ ಹುಡುಕಿದ್ದೇನೆ. ನಾನು ಕಂಡ ಹಾಗೆ ಹೆಚ್ಚಿನ ಸಲ ತಪ್ಪು ಹೊಸ ಸಿಸ್ಟಮ್‌ನದ್ದಲ್ಲ. ವಾಪಸ್ ಬರುವ ದಾರಿ ನೋಡಿಕೊಳ್ಳದೆ ಹೊರಟುಬಿಟ್ಟಿದ್ದೇ ತಪ್ಪು. ಹಾಗಾಗಿ 'ಹೊಸದು ಚೆನ್ನಾಗಿದೆಯಾ' ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಕೆಟ್ಟರೆ ವಾಪಸ್ ಬರೋಕೆ ಆಗುತ್ತಾ?

1. ಅಪ್‌ಡೇಟ್ ಬೇರೆ, ಅಪ್‌ಗ್ರೇಡ್ ಬೇರೆ

ತಿಂಗಳು ತಿಂಗಳು ಬರುವ ಸುರಕ್ಷತೆಯ ಅಪ್‌ಡೇಟ್‌ಗಳನ್ನು ತಪ್ಪದೆ ಹಾಕಿಕೊಳ್ಳಿ. ಯೋಚನೆ ಮಾಡಬೇಕಾದ್ದು ಇಡೀ ಆವೃತ್ತಿ ಬದಲಾಗುವಾಗ ಮಾತ್ರ. ಅಪ್‌ಗ್ರೇಡ್ ಬೇಡ ಅಂತ ಅಪ್‌ಡೇಟ್‌ಗಳನ್ನೂ ನಿಲ್ಲಿಸುವುದು ಮಳೆ ಬೇಡ ಅಂತ ಬಾವಿ ಮುಚ್ಚಿದ ಹಾಗೆ.

2. ಈಗಿರುವುದಕ್ಕೆ ಎಷ್ಟು ದಿನ ಉಳಿದಿದೆ ನೋಡಿ

ವಿಂಡೋಸ್‌ನಲ್ಲಿ ಸ್ಟಾರ್ಟ್ ಒತ್ತಿ ಇಂಗ್ಲಿಷ್‌ನಲ್ಲಿ 'winver' (ವಿನ್‌ವರ್) ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ನಿಮ್ಮ ಆವೃತ್ತಿ ಯಾವುದು ಅಂತ ತೋರಿಸುತ್ತದೆ. ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ, ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬೆಂಬಲ ಮುಗಿದ ಮೇಲೂ ಕಂಪ್ಯೂಟರ್ ಓಡುತ್ತದೆ, ಅದೇ ತೊಂದರೆ. ಎಲ್ಲಾ ಸರಿ ಇದೆ ಅನಿಸುತ್ತದೆ, ಆದರೆ ಹೊಸದಾಗಿ ಸಿಕ್ಕ ತೂತುಗಳನ್ನು ಮುಚ್ಚುವವರು ಯಾರೂ ಇರುವುದಿಲ್ಲ. ಉಬುಂಟು ಅನ್ನುವ ಉಚಿತ ಸಿಸ್ಟಮ್‌ನ ಎಲ್‌ಟಿಎಸ್, ಅಂದರೆ ದೀರ್ಘ ಕಾಲ ಬೆಂಬಲ ಇರುವ ಆವೃತ್ತಿಗಳಿಗೆ 5 ವರ್ಷ ಬೆಂಬಲ ಇರುತ್ತದೆ. ಮ್ಯಾಕ್‌ಗೆ ಹೀಗೆ ಮುಂಚೆಯೇ ಬರೆದಿಟ್ಟ ತಾರೀಖು ಇರುವುದಿಲ್ಲ, ಸಾಮಾನ್ಯವಾಗಿ ಇತ್ತೀಚಿನ ಮೂರು ಆವೃತ್ತಿಗಳಿಗೆ ಸುರಕ್ಷತೆಯ ಅಪ್‌ಡೇಟ್ ಬರುತ್ತಿರುತ್ತದೆ.

ತಾರೀಖು ದೂರ ಇದ್ದರೆ ಅವಸರ ಏನೂ ಇಲ್ಲ. ದಾಟಿದ್ದರೆ 'ಹೋಗಬೇಕಾ' ಅನ್ನುವ ಪ್ರಶ್ನೆಯೇ ಇಲ್ಲ, ಹೇಗೆ ಹೋಗುವುದು ಅನ್ನುವುದಷ್ಟೇ.

3. ಯಂತ್ರಕ್ಕೆ ಶಕ್ತಿ ಇದೆಯಾ

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಟಿಪಿಎಂ 2.0 (ಸುರಕ್ಷತೆಯ ಚಿಪ್) ಮತ್ತು ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಓಡಲು ಬಿಡುವ ವ್ಯವಸ್ಥೆ) ಬೇಕು. ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು. ಪಿಸಿ ಹೆಲ್ತ್ ಚೆಕ್ ಅನ್ನುವ ಮೈಕ್ರೋಸಾಫ್ಟ್‌ನದೇ ಉಚಿತ ಸಾಧನ ಓಡಿಸಿದರೆ ಎಲ್ಲಾ ಹೇಳುತ್ತದೆ.

ಆದರೆ 'ಕನಿಷ್ಠ' ಅನ್ನುವ ಪದವನ್ನು ನಂಬಬೇಡಿ. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಅದನ್ನು ಓಡಿಸಬಲ್ಲದು ಅಂತ ಸ್ಟಿಕ್ಕರ್ ಅಂಟಿಸಿಕೊಂಡ ಎಷ್ಟೋ ಕಂಪ್ಯೂಟರ್‌ಗಳಲ್ಲಿ, ಜಾಹೀರಾತಿನಲ್ಲಿ ತೋರಿಸಿದ ಆ ಗಾಜಿನಂಥ ಕಿಟಕಿಗಳೇ ಬರಲಿಲ್ಲ. ನನ್ನ ಲೆಕ್ಕದಲ್ಲಿ 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಇಲ್ಲದಿದ್ದರೆ ಹೊಸ ಸಿಸ್ಟಮ್ ಹಾಕಲೇಬೇಡಿ. ಮೊದಲು ಹಳೆಯ ತಿರುಗುವ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ಹೊಸ ಸಿಸ್ಟಮ್‌ಗಿಂತ ಅದರಿಂದಲೇ ಜಾಸ್ತಿ ಖುಷಿ ಸಿಗುತ್ತದೆ.

ಟಿಪಿಎಂ ಇಲ್ಲದ ಯಂತ್ರಕ್ಕೂ ತಪಾಸಣೆ ತಪ್ಪಿಸಿ ಹಾಕುವ ಉಪಾಯಗಳಿವೆ. ಅವು ಕೆಲಸ ಮಾಡುತ್ತವೆ ಕೂಡ. ಆದರೆ ಅಂಥ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬರುತ್ತದೆ ಅನ್ನುವ ಭರವಸೆಯನ್ನು ಮೈಕ್ರೋಸಾಫ್ಟ್ ಕೊಟ್ಟಿಲ್ಲ. ಅಪ್‌ಡೇಟ್‌ಗೋಸ್ಕರವೇ ಅಪ್‌ಗ್ರೇಡ್ ಮಾಡಿ, ಕೊನೆಗೆ ಅದೇ ಸಿಗದಿದ್ದರೆ ಏನು ಬಂತು? ದಿನಾ ದುಡಿಯುವ ಕಂಪ್ಯೂಟರ್‌ಗೆ ಬೇಡ.

4. ನೀವು ನಿಜವಾಗಿ ಬಳಸುವುದನ್ನು ಬರೆದಿಟ್ಟುಕೊಳ್ಳಿ

ಒಂದು ಹಾಳೆ ತಗೊಳ್ಳಿ. ಒಂದು ವಾರ ಏನೇನು ತೆರೆಯುತ್ತೀರೋ ಬರೆಯುತ್ತಾ ಹೋಗಿ. ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್, ಲೆಕ್ಕದ ಸಾಫ್ಟ್‌ವೇರ್, ಟೈಪಿಂಗ್ ಸಾಫ್ಟ್‌ವೇರ್, ಕಚೇರಿಯ ವಿಪಿಎನ್. ಒಂದೊಂದರ ಹೆಸರಿನ ಜೊತೆ ಹೊಸ ಸಿಸ್ಟಮ್‌ನ ಹೆಸರು ಸೇರಿಸಿ ತಯಾರಕರ ಪುಟದಲ್ಲೇ ಹುಡುಕಿ. ಡ್ರೈವರ್, ಅಂದರೆ ಆ ಸಾಧನವನ್ನು ಓಡಿಸುವ ಸಾಫ್ಟ್‌ವೇರ್, ಇದೆ ಅಂತ ಅಲ್ಲೇ ಕಂಡರೆ ಮಾತ್ರ ಟಿಕ್ ಹಾಕಿ.

ಬ್ರೌಸರ್, ವಿಡಿಯೋ ಪ್ಲೇಯರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅವು ಓಡುತ್ತವೆ. ಕೈ ಕೊಡುವುದು ಹಳೆಯ ಸಾಧನಗಳೇ. ನನ್ನ ಸ್ಕ್ಯಾನರ್ ಒಂದು ಹಾಗೆಯೇ ಹೋಯಿತು. ಯಂತ್ರ ಗಟ್ಟಿಮುಟ್ಟಾಗಿತ್ತು, ಕಂಪನಿ ಡ್ರೈವರ್ ಮಾಡುವುದನ್ನು ನಿಲ್ಲಿಸಿತ್ತು ಅಷ್ಟೇ. ಮ್ಯಾಕ್‌ನವರಿಗೆ 2019ರಲ್ಲಿ ಕ್ಯಾಟಲಿನಾ ಅನ್ನುವ ಆವೃತ್ತಿ ಬಂದಾಗ ಇದಕ್ಕಿಂತ ದೊಡ್ಡ ಪೆಟ್ಟು ಬಿತ್ತು. ಹಳೆಯ ಮಾದರಿಯ 32 ಬಿಟ್‌ನ ಆ್ಯಪ್‌ಗಳು ಒಂದೂ ತೆರೆಯದಂತಾಯಿತು.

ಇಲ್ಲೇ ಒಂದು ಮಾತು. 'ಎಲ್ಲಾ ಡ್ರೈವರ್ ನಾವೇ ಹುಡುಕಿ ಹಾಕುತ್ತೇವೆ' ಅನ್ನುವ ಸಾಫ್ಟ್‌ವೇರ್‌ಗಳಿವೆಯಲ್ಲ, ಅವುಗಳ ಹತ್ತಿರ ಹೋಗಬೇಡಿ. ಬೇಡದ ಡ್ರೈವರ್ ಹಾಕುತ್ತವೆ, ಜೊತೆಗೆ ಇನ್ನೇನೋ ತಂದು ಕೂರಿಸುತ್ತವೆ. ಆಮೇಲೆ ಯಾವುದರಿಂದ ಏನು ಕೆಟ್ಟಿತು ಅಂತ ಪತ್ತೆ ಮಾಡೋಕೇ ಆಗುವುದಿಲ್ಲ.

5. ಬ್ಯಾಕಪ್: ಇಲ್ಲಿ ನಿಧಾನ ಮಾಡಿ

ಎಲ್ಲರೂ ಎಡವುವುದು ಇಲ್ಲೇ. 'ಬ್ಯಾಕಪ್ ಇದೆಯಾ?' ಅಂದರೆ ಇದೆ ಅನ್ನುತ್ತಾರೆ. ಎಲ್ಲಿ ಅಂದರೆ 'ಡಿ ಡ್ರೈವ್‌ನಲ್ಲಿ'. ಲ್ಯಾಪ್‌ಟಾಪ್‌ನ ಸಿ ಮತ್ತು ಡಿ ಹೆಚ್ಚಾಗಿ ಒಂದೇ ಡಿಸ್ಕ್‌ನ ಎರಡು ಭಾಗಗಳು. ಒಂದೇ ಬೀರುವಿನ ಎರಡು ಖಾನೆ ಇದ್ದ ಹಾಗೆ. ಬೀರುವಿಗೆ ಬೆಂಕಿ ಬಿದ್ದರೆ ಕೆಳಗಿನ ಖಾನೆ ಉಳಿಯುತ್ತಾ? ಡಿಸ್ಕ್ ಕೈಕೊಟ್ಟರೆ, ಇನ್‌ಸ್ಟಾಲ್ ಮಾಡುವಾಗ ತಪ್ಪು ಭಾಗ ಅಳಿಸಿದರೆ ಎರಡೂ ಹೋದವು.

ಇನ್ನು ಕೆಲವರು 'ಕ್ಲೌಡ್‌ನಲ್ಲಿದೆ' ಅನ್ನುತ್ತಾರೆ. ಸಿಂಕ್ ಆಗುವುದು ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಸಿಹೋಗುತ್ತದೆ, ಕಸದ ಬುಟ್ಟಿಯಲ್ಲಿ ಸ್ವಲ್ಪ ದಿನ ಇದ್ದು ಪೂರ್ತಿ ಹೋಗುತ್ತದೆ. ಎಲ್ಲಾ ಫೋಲ್ಡರ್‌ಗಳೂ ಸಿಂಕ್ ಆಗುತ್ತಿವೆ ಅಂತ ನಾವು ಅಂದುಕೊಂಡಿರುತ್ತೇವೆ, ತೆರೆದು ನೋಡಿದರೆ ಡೌನ್‌ಲೋಡ್ಸ್ ಫೋಲ್ಡರ್ ಅದರಲ್ಲಿ ಇರುವುದೇ ಇಲ್ಲ.

ಹೀಗೆ ಮಾಡಿ. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಗೊಳ್ಳಿ, ಪೆನ್ ಡ್ರೈವ್ ಬೇಡ, ಅದು ಸಾಗಿಸುವುದಕ್ಕೆ ಇರುವ ವಸ್ತು, ಕಾಪಾಡುವುದಕ್ಕಲ್ಲ. ಯೂಸರ್ಸ್ ಫೋಲ್ಡರ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್ ಇರುತ್ತದೆ, ಅದನ್ನು ಇಡಿಯಾಗಿ ಕಾಪಿ ಮಾಡಿ. ಡೆಸ್ಕ್‌ಟಾಪ್ ಮೇಲಿನ ಫೈಲ್‌ಗಳು ಅದರೊಳಗೇ ಬರುತ್ತವೆ. ಲೆಕ್ಕದ ಸಾಫ್ಟ್‌ವೇರ್‌ಗಳ ಡೇಟಾ ಮಾತ್ರ ಬೇರೆ ಕಡೆ ಇರುವುದು ಜಾಸ್ತಿ, ಆ ಸಾಫ್ಟ್‌ವೇರ್ ಒಳಗಿಂದಲೇ ಬ್ಯಾಕಪ್ ತೆಗೆದು ಡಿಸ್ಕ್‌ಗೆ ಹಾಕಿ. ಬ್ರೌಸರ್‌ನ ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳನ್ನೂ ಮರೆಯಬೇಡಿ. ಮ್ಯಾಕ್ ಆದರೆ ಅದರಲ್ಲೇ ಇರುವ ಟೈಮ್ ಮಷೀನ್ ಅನ್ನುವ ಬ್ಯಾಕಪ್ ಸಾಧನ ಸಾಕು.

ಕಾಪಿ ಆಯಿತು ಅಂತ ಎದ್ದು ಹೋಗಬೇಡಿ. ಡಿಸ್ಕ್ ಕಳಚಿ ಇನ್ನೊಂದು ಕಂಪ್ಯೂಟರ್‌ಗೆ ಸಿಕ್ಕಿಸಿ. ಐದಾರು ಫೈಲ್ ತೆರೆಯಿರಿ. ಹಳೆಯ ಫೋಟೋ ಒಂದು, ಮೊನ್ನೆಯ ಎಕ್ಸೆಲ್ ಒಂದು, ಆ ಲೆಕ್ಕದ ಬ್ಯಾಕಪ್ ಒಂದು. ತೆರೆದವು ಅಂದರೆ ಮಾತ್ರ ಬ್ಯಾಕಪ್ ಇದೆ ಅಂತ ಅರ್ಥ.

ಈಗ ಜನ ಮರೆತೇಬಿಡುವ ವಿಷಯ, ಬಿಟ್‌ಲಾಕರ್ ಕೀ, ಅಂದರೆ ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗದ ಕೀ. ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ (ಕೀ ಇಲ್ಲದೆ ಓದಲಾಗದ ಹಾಗೆ), ನಮಗೆ ಗೊತ್ತೇ ಇರುವುದಿಲ್ಲ. ಪರಿಚಯದ ಒಬ್ಬರು ಸೆಕ್ಯೂರ್ ಬೂಟ್ ಆನ್ ಮಾಡಲು ಬಯಾಸ್ (ವಿಂಡೋಸ್‌ಗಿಂತ ಮೊದಲು ತೆರೆಯುವ ಯಂತ್ರದ ಸೆಟ್ಟಿಂಗ್ ಪರದೆ) ಒಳಗೆ ಹೋಗಿ ಒಂದೇ ಒಂದು ಸೆಟ್ಟಿಂಗ್ ಬದಲಿಸಿ ಹೊರಗೆ ಬಂದರು. ಕಂಪ್ಯೂಟರ್ ಮತ್ತೆ ಆನ್ ಆಯಿತು, ಪರದೆ ನೀಲಿ ಆಯಿತು, 48 ಅಂಕಿಗಳ ಕೀ ಕೊಡಿ ಅಂತ ಕೇಳಿತು. ಕೀ ಇತ್ತು. ಅಚ್ಚುಕಟ್ಟಾಗಿ ಒಂದು ಫೈಲ್‌ನಲ್ಲಿ ಬರೆದಿಟ್ಟಿದ್ದರು, ಅದೇ ಲ್ಯಾಪ್‌ಟಾಪ್‌ನ ಡೆಸ್ಕ್‌ಟಾಪ್ ಮೇಲೆ. ಅವರ ಮುಖ ನೋಡಲು ಆಗಲಿಲ್ಲ ನನಗೆ. ಕೊನೆಗೆ ಫೋನ್‌ನಿಂದ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ನೋಡಿದಾಗ ಅಲ್ಲೂ ಒಂದು ಪ್ರತಿ ಉಳಿದಿತ್ತು. ಎಲ್ಲರಿಗೂ ಹಾಗೆ ಸಿಗುವುದಿಲ್ಲ. ಇವತ್ತೇ ಆ ಕೀ ತೆಗೆದು ಹಾಳೆಯ ಮೇಲೆ ಬರೆದುಕೊಳ್ಳಿ, ಎಂಟು ಗುಂಪು, ಗುಂಪಿಗೆ ಆರು ಅಂಕಿ, ಬರೆದು ಎರಡು ಸಲ ಓದಿ ತಾಳೆ ನೋಡಿ.

6. ಬಂದ ಕೂಡಲೇ ಮುಟ್ಟಬೇಡಿ

2018ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ಒಂದು ದೊಡ್ಡ ಅಪ್‌ಡೇಟ್ ಕೆಲವರ ಫೈಲ್‌ಗಳನ್ನೇ ಅಳಿಸಿಹಾಕಿತು. ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದು, ಸರಿಮಾಡಿ, ನವೆಂಬರ್‌ನಲ್ಲಿ ಮತ್ತೆ ಬಿಟ್ಟರು. ಕಾದವರಿಗೆ ಏನೂ ಆಗಲಿಲ್ಲ. ಉಬುಂಟುವಿನವರು ಇದನ್ನು ನಿಯಮವನ್ನೇ ಮಾಡಿಕೊಂಡಿದ್ದಾರೆ: ಏಪ್ರಿಲ್‌ನಲ್ಲಿ ಹೊಸ ಎಲ್‌ಟಿಎಸ್ ಬಂದರೂ ಹಳೆಯ ಎಲ್‌ಟಿಎಸ್‌ನವರಿಗೆ ಅದು ತಾನಾಗಿ ತೋರಿಸುವುದು ಮೊದಲ ತಿದ್ದುಪಡಿ ಬಂದ ಮೇಲೆಯೇ, ಅಂದರೆ ಕೆಲವು ತಿಂಗಳು ಕಳೆದು. ನನ್ನ ಸಲಹೆಯೂ ಅದೇ, ಮೂರು ತಿಂಗಳು ಕಾಯಿರಿ.

ನಿಮ್ಮ ಯಂತ್ರಕ್ಕೆ ಇನ್ನೂ ಅಪ್‌ಗ್ರೇಡ್ ತೋರಿಸುತ್ತಿಲ್ಲ ಅಂದರೆ ಒತ್ತಾಯ ಮಾಡಿ ಹಾಕಬೇಡಿ. ನಿಮ್ಮ ಥರದ ಯಂತ್ರದಲ್ಲಿ ಏನೋ ತೊಂದರೆ ಕಂಡು ಅವರೇ ತಡೆದಿರಬಹುದು.

7. ಹಾಕುವ ದಿನ

ಮರುದಿನ ಕೆಲಸ ಇಲ್ಲದ ದಿನ ನೋಡಿಕೊಳ್ಳಿ. ಚಾರ್ಜರ್ ಸಿಕ್ಕಿಸಿ, ಬ್ಯಾಕಪ್ ಡಿಸ್ಕ್ ಕಳಚಿ, ಸೆಟ್ಟಿಂಗ್ಸ್‌ನಿಂದಲೇ ಅಪ್‌ಗ್ರೇಡ್ ಶುರು ಮಾಡಿ. ಬೇರೆಲ್ಲೋ ಸಿಕ್ಕ ಫೈಲ್‌ನಿಂದ ಯಾವತ್ತೂ ಬೇಡ.

8. ಆಮೇಲಿನ 10 ದಿನ

ವಿಂಡೋಸ್ 11ಕ್ಕೆ ಹೋದ ಮೇಲೆ ಸಾಮಾನ್ಯವಾಗಿ 10 ದಿನದ ಒಳಗೆ ಹಳೆಯದಕ್ಕೆ ವಾಪಸ್ ಬರಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ 'ಗೋ ಬ್ಯಾಕ್' ಅಂತ ಇರುತ್ತದೆ. ಇದು ನಡೆಯುವುದು 'ವಿಂಡೋಸ್ ಡಾಟ್ ಓಲ್ಡ್' ಅನ್ನುವ ಫೋಲ್ಡರ್ ಇರುವವರೆಗೆ ಮಾತ್ರ. ಜಾಗ ತಿನ್ನುತ್ತಿದೆ ಅಂತ ಸುಮ್ನೆ ಡಿಸ್ಕ್ ಕ್ಲೀನ್ ಮಾಡಿ ಅದನ್ನು ಅಳಿಸಿಬಿಟ್ಟರೆ ದಾರಿ ಮುಚ್ಚಿತು. ಮ್ಯಾಕ್‌ನಲ್ಲಿ ಇಂಥ ಬಟನ್ ಇಲ್ಲ. ಡಿಸ್ಕ್ ಪೂರ್ತಿ ಅಳಿಸಿ ಹಳೆಯದನ್ನು ಹೊಸದಾಗಿ ಹಾಕಬೇಕು, ಆಮೇಲೆ ಬ್ಯಾಕಪ್‌ನಿಂದ ಫೈಲ್ ತರಬೇಕು. ಅದಕ್ಕೇ ಮ್ಯಾಕ್‌ನವರು ಇನ್ನೂ ಸ್ವಲ್ಪ ಜಾಸ್ತಿ ಕಾಯುವುದು ಒಳ್ಳೆಯದು.

ಹಾಗಾಗಿ ಮೊದಲ ಎರಡು ದಿನದಲ್ಲೇ, ಬಳಸುವುದನ್ನೆಲ್ಲ ಬರೆದಿಟ್ಟ ಆ ಹಾಳೆ ಹಿಡಿದು ಕೂರಿ. ಒಂದು ಪುಟ ಪ್ರಿಂಟ್ ತೆಗೆಯಿರಿ. ಟೋಕನ್ ಸಿಕ್ಕಿಸಿ ಒಂದು ಕಡತಕ್ಕೆ ಸಹಿ ಹಾಕಿ. ವಿಡಿಯೋ ಕಾಲ್ ಮಾಡಿ ಮೈಕ್ ಕೇಳಿಸುತ್ತಾ ನೋಡಿ. ಲ್ಯಾಪ್‌ಟಾಪ್ ಮುಚ್ಚಿ, ಅರ್ಧ ಗಂಟೆ ಬಿಟ್ಟು ತೆರೆಯಿರಿ, ಏಳುತ್ತದಾ ಅಂತ. ದಿನಾ ಬೇಕಾದ ಒಂದು ವಸ್ತು ಓಡದಿದ್ದರೂ 'ಹೇಗೋ ಸರಿಹೋಗುತ್ತೆ' ಅಂತ ಕಾಯಬೇಡಿ, 8ನೇ ದಿನಕ್ಕೆ ವಾಪಸ್ ಬಂದುಬಿಡಿ. ನಡುವೆ ಹೊಸದಾಗಿ ಹಾಕಿದ ಸಾಫ್ಟ್‌ವೇರ್‌ಗಳು ಹೋಗುತ್ತವೆ, ಅದಕ್ಕೇ ಆ ದಿನಗಳಲ್ಲಿ ಹೊಸದೇನೂ ಹಾಕಬೇಡಿ. ಎಲ್ಲಾ ಓಡಿದರೂ ಬ್ಯಾಕಪ್ ಡಿಸ್ಕ್ ಇನ್ನೊಂದು ತಿಂಗಳು ಹಾಗೇ ಇರಲಿ, ಅದರಲ್ಲಿ ಬೇರೆ ಏನನ್ನೂ ತುಂಬಬೇಡಿ.