ಸತ್ತ ಲೆಕ್ಕದ ನೋಟ್‌ಬುಕ್

ನನ್ನ ಅಂಗಡಿಯ ಗಲ್ಲಾದಲ್ಲಿ ಎರಡು ನೋಟ್‌ಬುಕ್ ಇವೆ. ಒಂದರಲ್ಲಿ ಜೆರಾಕ್ಸ್, ಲ್ಯಾಮಿನೇಶನ್ ಉದ್ರಿ ಬರೆದಿದೆ. ಇನ್ನೊಂದರಲ್ಲಿ ನಾನು ಯಾವತ್ತು ಹೇಗೆ ಸತ್ತೆ ಅಂತ ಬರೆದಿದೆ.

"12ನೇ ಸಾವು. ನಾನು ಒಂದು ಸೇಬರ್ ವಿಮಾನದ ಬೆನ್ನು ಹತ್ತಿದೆ. ಇನ್ನೊಂದು ಸೇಬರ್ ನನ್ನ ಬೆನ್ನು ಹತ್ತಿತ್ತು."

"13ನೇ ಸಾವು. ಅದೇ."

ರಾತ್ರಿ ಒಂಬತ್ತಕ್ಕೆ ಶಟರ್ ಎಳೆದ ಮೇಲೆ ಒಂದೂವರೆ ಗಂಟೆ ನಾನು ವಾರ್ ಥಂಡರ್ ಅನ್ನುವ ವಿಮಾನಯುದ್ಧದ ಕಂಪ್ಯೂಟರ್ ಆಟ ಆಡುತ್ತೇನೆ. ಅಂಗಡಿಯದೇ ಕಂಪ್ಯೂಟರ್. ಅದರ ಗ್ರಾಫಿಕ್ಸ್ ಕಾರ್ಡನ್ನು ಲಗ್ನಪತ್ರಿಕೆ ಡಿಸೈನ್ ಮಾಡಲಿಕ್ಕೆ ಅಂತ ಮನೆಯಲ್ಲಿ ಹೇಳಿ ತಂದಿದ್ದೆ. ಪೂರ್ತಿ ಸುಳ್ಳೇನಲ್ಲ, ಅದನ್ನೂ ಮಾಡುತ್ತೇನೆ.

ಬೀದರಿನಲ್ಲಿ ಬೆಳೆದವರಿಗೆ ವಿಮಾನದ ಸದ್ದು ಹೊಸದಲ್ಲ. ಇಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ. ವಿಮಾನ ಕಸರತ್ತು ತೋರಿಸುವ ಸೂರ್ಯಕಿರಣ ತಂಡ 1996ರಲ್ಲಿ ಶುರುವಾದದ್ದೂ ಇಲ್ಲೇ, ನಮ್ಮ ಬೆಂಗಳೂರಿನ ಎಚ್‌ಎಎಲ್ ಮಾಡಿದ ಕಿರಣ್ ವಿಮಾನಗಳಲ್ಲಿ. ಶಾಲೆಯಲ್ಲಿ ಒಂಬತ್ತು ವಿಮಾನ ಒಟ್ಟಿಗೆ ಹೋಗುವಾಗ ನಮ್ಮ ಗಣಿತದ ಸರ್ ಬಾಯಿ ಮುಚ್ಚಿ ನಿಲ್ಲುತ್ತಿದ್ದರು, ಸದ್ದು ಹೋದ ಮೇಲೆ ಅದೇ ಲೆಕ್ಕದಿಂದ ಮುಂದುವರಿಸುತ್ತಿದ್ದರು. ಪೈಲಟ್ ಆಗುವ ಆಸೆ ನಮ್ಮ ಓಣಿಯ ಎಲ್ಲ ಹುಡುಗರಿಗೂ ಇತ್ತು. ನನಗೆ ಏಳನೇ ಕ್ಲಾಸಿಗೇ ಕನ್ನಡಕ ಬಂತು. ಮಾತು ಅಲ್ಲಿಗೆ ಮುಗಿಯಿತು.

ಈ ಆಟ ಹಚ್ಚಿದವನು ಅಕ್ಕನ ಮಗ. ಅವನು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. "ಮಾಮಾ, ಫ್ರೀ ಅದ, ಹಾಕ್ರಿ" ಅಂದ. ಹಾಕಿದೆ.

ಆಟದಲ್ಲಿ ಮೂರು ಬಗೆ ಇದೆ: ಆರ್ಕೇಡ್, ರಿಯಲಿಸ್ಟಿಕ್, ಸಿಮ್ಯುಲೇಟರ್. ಆರ್ಕೇಡ್‌ನಲ್ಲಿ ಎಲ್ಲಿಗೆ ಗುಂಡು ಹೊಡೆಯಬೇಕು ಅಂತ ಗುರುತು ತೋರಿಸುತ್ತಾರೆ, ಸತ್ತರೆ ಮತ್ತೆ ಬರಬಹುದು. ರಿಯಲಿಸ್ಟಿಕ್‌ನಲ್ಲಿ ಆ ಗುರುತು ಇಲ್ಲ, ಒಂದು ಪಂದ್ಯಕ್ಕೆ ಒಂದೇ ವಿಮಾನ, ಒಂದೇ ಜೀವ. ಗುಂಡು ಖಾಲಿಯಾದರೆ ವಾಪಸ್ ಹೋಗಿ ರನ್‌ವೇ ಮೇಲೆ ಇಳಿದು ತುಂಬಿಸಿಕೊಳ್ಳಬೇಕು. ಸಿಮ್ಯುಲೇಟರ್‌ನಲ್ಲಿ ಕಾಕ್‌ಪಿಟ್ ಒಳಗಿನಿಂದ ಮಾತ್ರ ನೋಡಬೇಕು. ಅದಕ್ಕೆ ಜಾಯ್‌ಸ್ಟಿಕ್ ಬೇಕು, ನನ್ನ ಹತ್ತಿರ ಇಲ್ಲ. ಹಾಗಾಗಿ ನಾನು ರಿಯಲಿಸ್ಟಿಕ್ ಆಡುವವನು. ಮೌಸ್ ಎತ್ತ ತೋರಿಸುತ್ತದೋ ವಿಮಾನ ಅತ್ತ ತಿರುಗುತ್ತದೆ. ಕೇಳಲಿಕ್ಕೆ ಸುಲಭ.

ಜೆಟ್ಟಿನವರೆಗೆ ಬರಲಿಕ್ಕೇ ಬಹಳ ದಿನ ಹಿಡಿಯಿತು, ಮೊದಲು ಫ್ಯಾನಿನ ವಿಮಾನಗಳನ್ನು ದಾಟಬೇಕು. ಆ ದಿನಗಳ ಬಗ್ಗೆ ಹೇಳುವಂಥದ್ದು ಏನಿಲ್ಲ. ಕೊನೆಗೆ ಮಿಗ್-15 ಕೈಗೆ ಬಂತು. 1950ರ ಕೊರಿಯಾ ಯುದ್ಧದಲ್ಲಿ ಅಮೆರಿಕದ ಸೇಬರ್‌ಗೆ ಎದುರು ನಿಂತ ವಿಮಾನ. ಆಟದಲ್ಲೂ ಅವೆರಡೇ ಎದುರುಬದುರು ಸಿಗುವುದು ಜಾಸ್ತಿ.

ಮೊದಲ ವಾರ ಏನಾಯಿತು ಅಂದರೆ, ಶತ್ರು ಕಂಡ ತಕ್ಷಣ ಗುಂಡು ಒತ್ತಿ ಹಿಡಿಯುವುದು. ಮಿಗ್-15ರ ಸುಧಾರಿತ ರೂಪವಾದ ಮಿಗ್-15 ಬಿಸ್‌ನಲ್ಲಿ 37 ಎಂಎಂ ತೋಪು ಒಂದು, 23 ಎಂಎಂ ತೋಪು ಎರಡು. ದೊಡ್ಡ ತೋಪಿಗೆ ಗುಂಡು ಬರೀ 40. ನಿಮಿಷಕ್ಕೆ 400ರ ಲೆಕ್ಕದಲ್ಲಿ ಹೊಡೆಯುತ್ತದೆ, ಅಂದರೆ ಆರು ಸೆಕೆಂಡ್ ಒತ್ತಿದರೆ ಖಾಲಿ. ಸಣ್ಣವಕ್ಕೆ ಒಂದೊಂದಕ್ಕೆ 80. ಸೇಬರ್‌ನಲ್ಲಿ 12.7 ಎಂಎಂ ಮೆಷಿನ್ ಗನ್ ಆರು ಇವೆ, ಅದು ಹೊಲದ ಸ್ಪ್ರಿಂಕ್ಲರ್ ಪೈಪಿನ ಹಾಗೆ ಸುರಿಯುತ್ತಲೇ ಇರುತ್ತದೆ. ಅದರ ಗುಂಡಿಗೆ ವೇಗವೂ ಜಾಸ್ತಿ. ನನ್ನ ಗುಂಡು ನಿಧಾನ. ಒಂದು ಕಿಲೋಮೀಟರ್ ದೂರದಿಂದ ಹೊಡೆದರೆ ಅದು ಮುಟ್ಟುವಷ್ಟರಲ್ಲಿ ಸೇಬರ್ ಬೇರೆ ಎಲ್ಲೋ ಇರುತ್ತದೆ.

ಸುಮಾರು ಇಪ್ಪತ್ತು ಸಾವಿನ ಮೇಲೆ ಒಂದು ನಿಯಮ ಹಾಕಿಕೊಂಡೆ. ಪರದೆಯಲ್ಲಿ 400 ಮೀಟರ್ ಅಂತ ತೋರಿಸುವವರೆಗೆ ಬೆರಳು ಒತ್ತಬಾರದು. ಅಲ್ಲಿ ಕೂಡ ಅರ್ಧ ಸೆಕೆಂಡ್ ಮಾತ್ರ. 37 ಎಂಎಂ ಒಂದೇ ಒಂದು ತಾಗಿದರೂ ಬಾಲ ಕಿತ್ತು ಹೋಗುತ್ತದೆ, ಎರಡನೆಯದು ಯಾಕೆ ಬೇಕು? ಈ ನಿಯಮ ಬರೆದಿಟ್ಟ ರಾತ್ರಿ ಎರಡು ವಿಮಾನ ಬೀಳಿಸಿದೆ. ಮರುದಿನ ಲಗ್ನಪತ್ರಿಕೆಯೊಂದರಲ್ಲಿ ಮುಹೂರ್ತದ ಟೈಮ್ ತಪ್ಪು ಹಾಕಿದೆ, ಅದು ಬೇರೆ ಮಾತು.

ಮುಂದಿನ ಪಾಠ ಎತ್ತರದ್ದು. ಪಂದ್ಯದಲ್ಲಿ ಒಂದೊಂದು ಕಡೆ 16ರವರೆಗೆ ಜನ ಇರುತ್ತಾರೆ. ಶುರುವಾದ ತಕ್ಷಣ ಎಲ್ಲರೂ ನಡುವಿಗೆ ಓಡುತ್ತಾರೆ, ಜಾತ್ರೆಯಲ್ಲಿ ತೇರು ಎಳೆಯಲು ನುಗ್ಗಿದ ಹಾಗೆ. ಮಿಗ್-15 ಸೇಬರ್‌ಗಿಂತ ಚೆನ್ನಾಗಿ ಮೇಲೇರುತ್ತದೆ. ಆ ಒಂದು ಲಾಭ ಬಿಟ್ಟು ನಾನೂ ನಡುವಿಗೇ ಓಡುತ್ತಿದ್ದೆ. ಅಳಿಯ ಹೆಡ್‌ಫೋನ್‌ನಲ್ಲಿ ಹೇಳುತ್ತಿದ್ದ, "ಮಾಮಾ, ಮೊದಲ ಮೂರು ಮಿನಿಟ ಯಾರ ಜೋಡಿನೂ ಜಗಳ ಮಾಡಬ್ಯಾಡ್ರಿ. ಬಾಜೂಕ ಹೋಗಿ ಮ್ಯಾಲ ಏರ್ರಿ."

ನನಗೆ ಇದು ಅರ್ಥವಾದದ್ದು ಅಂಗಡಿ ಮೇಲಿನ ನೀರಿನ ಟ್ಯಾಂಕ್ ನೋಡಿದಾಗ. ಟ್ಯಾಂಕ್ ತುಂಬಿದ್ದರೆ ನಲ್ಲಿ ತಿರುಗಿಸಿದಾಗ ನೀರು ಬರುತ್ತದೆ. ಖಾಲಿ ಇದ್ದರೆ ಎಷ್ಟು ತಿರುಗಿಸಿದರೂ ಬರೀ ಗಾಳಿ. ವಿಮಾನಕ್ಕೂ ಎತ್ತರ ಅಂದರೆ ಟ್ಯಾಂಕಿನ ನೀರು. ಕೆಳಗೆ ಧುಮುಕಿದರೆ ಅದು ವೇಗ ಆಗುತ್ತದೆ, ವೇಗ ಇದ್ದರೆ ಮತ್ತೆ ಮೇಲೆ ಹೋಗಬಹುದು. ಗಟ್ಟಿಯಾಗಿ ಎಳೆದು ತಿರುಗಿಸಿದಾಗೆಲ್ಲ ಆ ನೀರು ಸೋರುತ್ತದೆ.

ಇದರ ಕಹಿ ಅನುಭವ ಆದದ್ದು ಮಿಗ್-21ರಲ್ಲಿ. ಅದರ ರೆಕ್ಕೆ ತ್ರಿಕೋನ. ಮೊದಲ ತಿರುವು ನೋಡಲಿಕ್ಕೆ ಚೆಂದ, ಮೂತಿ ಸರಕ್ ಅಂತ ಬರುತ್ತದೆ. ನಾನು ಖುಷಿಯಾಗಿ ಎರಡನೇ ಸುತ್ತು ಎಳೆಯುತ್ತೇನೆ. ಮೂರನೆಯದಕ್ಕೆ ವೇಗ ಅರ್ಧಕ್ಕೆ ಇಳಿದಿರುತ್ತದೆ. ಎದುರಿಗೆ ಅಮೆರಿಕದ ಎಫ್-5 ವಿಮಾನ ಇದ್ದರಂತೂ ಅದು ಆರಾಮಾಗಿ ತಿರುಗಿ ಹಿಂದೆ ಬಂದು ಕೂರುತ್ತದೆ. "ತಿರುಗಬೇಡ, ಹೊಡೆದು ಹೋಗು" ಅಂತ ನೋಟ್‌ಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಅದರ ಕೆಳಗೆ ಅದೇ ತಪ್ಪಿನಿಂದ ಸತ್ತ ಹದಿನೇಳು ಸಾಲು ಇವೆ. ಎಫ್-5 ಕಣ್ಣೆದುರು ಬೆನ್ನು ತೋರಿಸಿಕೊಂಡು ಹೋಗುವಾಗ ತಿರುಗದೆ ಇರುವುದು ಬಹಳ ಕಷ್ಟ ಮಾರಾಯರೆ.

ಈಗ ನೋಟ್‌ಬುಕ್ ಮಾತಿಗೆ ಬರುತ್ತೇನೆ. ಆಟದಲ್ಲಿ ಮುಗಿದ ಪಂದ್ಯವನ್ನು ಮತ್ತೆ ನೋಡುವ ಸೌಲಭ್ಯ ಇದೆ, ರೀಪ್ಲೇ ಅಂತ. ಮೊದಮೊದಲು ನಾನು ಬೀಳಿಸಿದ್ದನ್ನು ನೋಡಿ ಖುಷಿಪಡಲಿಕ್ಕೆ ಬಳಸುತ್ತಿದ್ದೆ. ಒಂದು ದಿನ ಸಿಟ್ಟಿಗೆದ್ದು, ಈ ಮನುಷ್ಯ ಎಲ್ಲಿಂದ ಬಂದ ಅಂತ ನನ್ನನ್ನು ಕೊಂದವನ ಕಡೆಯಿಂದ ನೋಡಿದೆ. ಅವನು ನಲವತ್ತು ಸೆಕೆಂಡ್ ನನ್ನ ಹಿಂದೆ ಇದ್ದ! ಅಡಗಿಕೊಂಡಿರಲಿಲ್ಲ, ಮೋಡದಲ್ಲಿ ಇರಲಿಲ್ಲ. ನೇರವಾಗಿ, ಸಮಾಧಾನವಾಗಿ ಬಂದ. ಅಷ್ಟೂ ಹೊತ್ತು ನಾನು ಮುಂದಿನವನ ಬಾಲವನ್ನೇ ನೋಡುತ್ತಿದ್ದೆ.

ಆಮೇಲೆ ಪ್ರತಿ ಸಾವನ್ನೂ ನೋಡಿ ಬರೆಯಲು ಶುರು ಮಾಡಿದೆ. ನೂರು ಆದ ಮೇಲೆ ಒಂದು ಭಾನುವಾರ ಕೂತು ಕೆಂಪು ಪೆನ್ನಿನಲ್ಲಿ ವಿಂಗಡಿಸಿದೆ. ನೆಲಕ್ಕೆ ಬಡಿದದ್ದು, ಎದುರುಬದುರು ಗುಂಡಾಡಿ ಇಬ್ಬರೂ ಸತ್ತದ್ದು, ವೇಗದಲ್ಲಿ ಜೋರಾಗಿ ಎಳೆದು ರೆಕ್ಕೆ ಮುರಿದದ್ದು, ಕರೆಂಟ್ ಹೋದದ್ದು. ಅರ್ಧಕ್ಕಿಂತ ಜಾಸ್ತಿ ಸಾಲಿನ ಮುಂದೆ ಒಂದೇ ಶಬ್ದ: "ಕಾಣಲಿಲ್ಲ". ನನ್ನ ಕೈ ಕೆಟ್ಟಿಲ್ಲ, ಕತ್ತು ಕೆಟ್ಟಿದೆ ಅಂತ ಅವತ್ತು ಗೊತ್ತಾಯಿತು. ಅಷ್ಟು ದಿನ ನಾನು ಗುರಿ ಹಿಡಿಯುವುದನ್ನೇ ಅಭ್ಯಾಸ ಮಾಡುತ್ತಿದ್ದೆ.

ಸುತ್ತ ನೋಡಲಿಕ್ಕೆ ಕೀಬೋರ್ಡಿನಲ್ಲಿ ಸಿ ಒತ್ತಿ ಹಿಡಿದು ಮೌಸ್ ತಿರುಗಿಸಬೇಕು. ವಿಮಾನ ನೇರ ಹೋಗುತ್ತದೆ, ಕಣ್ಣು ಮಾತ್ರ ತಿರುಗುತ್ತದೆ. ಅದನ್ನು ರೂಢಿ ಮಾಡಿಕೊಳ್ಳಲು ಒಂದು ತಿಂಗಳು ಬೇಕಾಯಿತು. ಮನಸ್ಸಿನಲ್ಲೇ ಐದು ಎಣಿಸುವುದು, ಹಿಂದೆ ನೋಡುವುದು. ಮತ್ತೆ ಐದು, ಮತ್ತೆ ಹಿಂದೆ. ಬೈಕ್ ಓಡಿಸುವಾಗಲೂ ಕನ್ನಡಿ ನೋಡುವುದು ಜಾಸ್ತಿ ಆಯಿತು. ಹೆಂಡತಿ ಕೇಳಿದಳು, "ಯಾರಿಗರೆ ರೊಕ್ಕ ಕೊಡೂದದ ಏನ್ರಿ?"

ಕ್ಷಿಪಣಿಗಳ ಕಾಲಕ್ಕೆ ಬಂದ ಮೇಲೆ ಹಿಂದೆ ನೋಡಿದರೂ ಸಾಲದು. ಮಿಗ್-21ರಲ್ಲಿ ರಾಡಾರ್ ಎಚ್ಚರಿಕೆಗೆ ನಾಲ್ಕು ದೀಪ ಮಾತ್ರ. ಎಡಮುಂದೆ, ಬಲಮುಂದೆ, ಎಡಹಿಂದೆ, ಬಲಹಿಂದೆ. ಯಾವುದೋ ಒಂದು ಮೂಲೆಯಿಂದ ಯಾರೋ ನೋಡುತ್ತಿದ್ದಾರೆ ಅಂತ ಅಷ್ಟೇ ಗೊತ್ತಾಗುವುದು. ಬೀಪ್ ಕೇಳಿದರೆ ಸಾಕು, ನಾನು ಗಾಬರಿಯಾಗಿ ತಿರುಗಿ ಓಡುತ್ತಿದ್ದೆ. ಹತ್ತಿರದಿಂದ ಹಾಗೆ ಓಡುವವನನ್ನು ಹೊಡೆಯುವುದು ಸಲೀಸು.

ಓಡಬಾರದು, ಅಡ್ಡ ಹೋಗಬೇಕು. ಇದು ತಮಾಷೆಯ ವಿಷಯ, ಸ್ವಲ್ಪ ಹೇಳುತ್ತೇನೆ. ಡಾಪ್ಲರ್ ರಾಡಾರ್ ವಿಮಾನವನ್ನು ನೆಲದಿಂದ ಬೇರೆ ಮಾಡುವುದು ವೇಗದ ಲೆಕ್ಕದಲ್ಲಿ. ತನ್ನ ಕಡೆಗೆ ಬರುವುದು, ತನ್ನಿಂದ ದೂರ ಹೋಗುವುದು ಅದಕ್ಕೆ ಕಾಣುತ್ತದೆ. ನಾನು ಅದಕ್ಕೆ ಸರಿಯಾಗಿ ಅಡ್ಡ, 90 ಡಿಗ್ರಿಯಲ್ಲಿ ಹಾರಿದರೆ ಹತ್ತಿರವೂ ಬರುತ್ತಿಲ್ಲ, ದೂರವೂ ಹೋಗುತ್ತಿಲ್ಲ. ಜೊತೆಗೆ ಕೆಳಗೂ ಇದ್ದರೆ ರಾಡಾರಿಗೆ ನಾನೂ ಹೊಲ, ಗುಡ್ಡದ ಜೊತೆ ಸೇರಿದ ಹಾಗೆ. ಸ್ಪ್ಯಾರೋದಂಥ ಕ್ಷಿಪಣಿಗೆ ಹಾರಿಸಿದವನ ರಾಡಾರ್ ಕೊನೆಯವರೆಗೆ ದಾರಿ ತೋರಿಸುತ್ತಲೇ ಇರಬೇಕು. ಅವನ ಹಿಡಿತ ತಪ್ಪಿತು ಅಂದರೆ ಕ್ಷಿಪಣಿ ಕುರುಡು. ಮೊದಲ ಸಲ ಇದು ಕೆಲಸ ಮಾಡಿದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ.

ಶಾಖ ಹಿಡಿದು ಬರುವ ಕ್ಷಿಪಣಿಗೆ ಬೇರೆ ಮದ್ದು. ಮಿಗ್-23ಕ್ಕೆ ಬಂದಾಗ ಫ್ಲೇರ್ ಸಿಕ್ಕಿತು. ಉರಿಯುವ ಗುಂಡು, ದೀಪಾವಳಿ ಪಟಾಕಿ ತರಹ. ಹಿಂದೆ ಹೊಗೆ ಕಂಡಾಗೆಲ್ಲ ಹತ್ತಿಪ್ಪತ್ತು ಬಿಡುತ್ತಿದ್ದೆ, ಆದರೂ ಸಾಯುತ್ತಿದ್ದೆ. ರೀಪ್ಲೇ ನೋಡಿದರೆ ಫ್ಲೇರ್ ಬಿಡುವಾಗ ಆಫ್ಟರ್‌ಬರ್ನರ್, ಅಂದರೆ ಎಂಜಿನ್ನಿನ ಹಿಂದೆ ಹೆಚ್ಚುವರಿ ಇಂಧನ ಉರಿಸಿ ಬಲ ಕೊಡುವ ಭಾಗ, ಉರಿಯುತ್ತಲೇ ಇದೆ. ಅಷ್ಟು ದೊಡ್ಡ ಒಲೆ ಹಿಂದೆ ಹೊತ್ತಿಸಿಕೊಂಡು ಪಟಾಕಿ ತೋರಿಸಿದರೆ ಯಾವ ಕ್ಷಿಪಣಿ ಮೋಸ ಹೋಗುತ್ತದೆ? ಮೊದಲು ಒಲೆ ಆರಿಸಬೇಕು, ಆಮೇಲೆ ಎರಡು ಫ್ಲೇರ್, ಸ್ವಲ್ಪ ತಿರುವು. ಈಗ ಫ್ಲೇರ್ ಗುಂಡಿಯನ್ನು ಮೌಸಿನ ಪಕ್ಕದಲ್ಲಿ ಹೆಬ್ಬೆರಳಿಗೆ ಕೊಟ್ಟಿದ್ದೇನೆ. ಇನ್ನೊಂದು ಕೈ ಎಂಜಿನ್ ಇಳಿಸುತ್ತದೆ.

2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ನಮ್ಮ ವಾಯುಪಡೆ ಮಿಗ್-21ಕ್ಕೆ ವಿದಾಯ ಹೇಳಿತು. 1963ರಲ್ಲಿ ಬಂದ ವಿಮಾನ, 62 ವರ್ಷ. ಮಧ್ಯಾಹ್ನ ಮೊಬೈಲಿನಲ್ಲಿ ಅದನ್ನು ನೋಡುತ್ತಾ ಕೂತವನಿಗೆ ಗಿರಾಕಿ ಎರಡು ಸಲ ಕರೆಯಬೇಕಾಯಿತು. ಅವತ್ತು ರಾತ್ರಿ ಅಳಿಯನಿಗೆ ಫೋನ್ ಮಾಡಿದೆ. ಈಗ ಅವನು ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾನೆ, ಆಡುವುದು ಕಮ್ಮಿ. ಇಬ್ಬರೂ ಮಿಗ್-21 ತೆಗೆದುಕೊಂಡು ಹೋದೆವು.

ಪಂದ್ಯ ಚೆನ್ನಾಗಿ ಶುರುವಾಯಿತು. ಬಾಜೂಕ ಹೋಗಿ ಮೇಲೇರಿದೆ. ಐದು ಎಣಿಸಿದೆ, ಹಿಂದೆ ನೋಡಿದೆ. ಅಮೆರಿಕದ ಒಂದು ಫ್ಯಾಂಟಮ್ ವಿಮಾನ ಸಿಕ್ಕಿತು, ಆರ್-60 ಕ್ಷಿಪಣಿ ಅದರ ಎಂಜಿನ್ ಹುಡುಕಿಕೊಂಡು ಹೋಯಿತು. ಆಮೇಲೆ ಕೆಳಗೆ ಒಂದು ಎಫ್-5, ಒಂಟಿ, ನನಗೆ ಬೆನ್ನು ಮಾಡಿಕೊಂಡು.

"ಮಾಮಾ, ತಿರಗಬ್ಯಾಡ್ರಿ," ಅಂದ ಅಳಿಯ.

"ಒಂದೇ ಸುತ್ತೋ."

"ಮಾಮಾ, ಹಿಂದ ನೋಡ್ರಿ ಹಿಂದ!"

"ಎಲ್ಲಿ?"

"ಹೋದ್ರಿ ಬಿಡ್ರಿ."

ನೋಟ್‌ಬುಕ್ ತೆಗೆದೆ. 341ನೇ ಸಾವು. ಮುಂದೆ "ಅದೇ" ಅಂತ ಬರೆದು, ತಾರೀಖು ಹಾಕಿ, ಲೈಟ್ ಆರಿಸಿ ಮನೆಗೆ ಹೋದೆ.